ಸೇನಾ ಬಡ್ತಿ ಮಂಡಳಿಗಳಿಗೆ ಬಹಿರಂಗ ಪತ್ರ: ಕೆಳಗಿನಿಂದಲೂ ಒಮ್ಮೆ ನೋಡಿ

ಬಡ್ತಿ ಮಂಡಳಿಗಳ ಮಾನ್ಯ ಅಧ್ಯಕ್ಷರೇ, ಸದಸ್ಯರೇ, ಬಡ್ತಿಯ ನಿಯಮ ಬರೆಯುವ ಅಧಿಕಾರಿಗಳೇ,

ಈ ಪತ್ರವನ್ನು ಯಾವುದೋ ಒಂದು ದೇಶದ ಸೇನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆಯುತ್ತಿಲ್ಲ. ಕಡತ ನೋಡಿ ಕಮಾಂಡರ್‌ಗಳನ್ನು ಆರಿಸುವ ಪದ್ಧತಿ ಎಲ್ಲೆಲ್ಲಿದೆಯೋ ಅಲ್ಲೆಲ್ಲ ಇದೇ ತೊಡಕು ಬೇರೆ ಬೇರೆ ಹೆಸರಿನಲ್ಲಿದೆ. ಹತ್ತು ಹದಿನೈದು ವರ್ಷಗಳ ವಾರ್ಷಿಕ ಗೌಪ್ಯ ವರದಿಗಳು, ಕೋರ್ಸುಗಳ ಗ್ರೇಡು, ಪದಕ, ವೈದ್ಯಕೀಯ ವರ್ಗ, ಶಿಸ್ತಿನ ದಾಖಲೆ. ಇಷ್ಟು ಕಾಗದ ಮುಂದಿಟ್ಟುಕೊಂಡು, ಸುಮಾರು 800 ಜನರ ಒಂದು ಬೆಟಾಲಿಯನ್ ಯಾರ ಕೈಗೆ ಹೋಗಬೇಕೆಂದು ನೀವು ತೀರ್ಮಾನಿಸುತ್ತೀರಿ. ತೀರ್ಮಾನ ತಪ್ಪಿದರೆ ಬೆಲೆ ತೆರುವ ಆ 800 ಜನರಲ್ಲಿ ಒಬ್ಬರೂ ನಿಮ್ಮ ಕೊಠಡಿಯಲ್ಲಿ ಇರುವುದಿಲ್ಲ.

ಬಡ್ತಿ ನಿಜವಾದ ನಾಯಕತ್ವಕ್ಕೆ ಸಿಗುತ್ತದೆಯೇ? ಮೇಲಧಿಕಾರಿಯ ಕಣ್ಣಿಗೆ ಬಿದ್ದ ನಾಯಕತ್ವಕ್ಕೆ ಸಿಗುತ್ತದೆ ಎಂಬುದು ನಮ್ಮ ಉತ್ತರ. ಬಹಳಷ್ಟು ಸಲ ಮೇಲಿನವರು ಕಂಡದ್ದೂ ಕೆಳಗಿನವರು ಉಂಡದ್ದೂ ಒಂದೇ ಆಗಿರುತ್ತದೆ. ಅವೆರಡೂ ಬೇರೆಯಾದಾಗ ತೊಂದರೆ ಶುರು. ಬೇರೆಯಾಗಿವೆ ಎಂಬ ಸುಳಿವು ಕಡತದಲ್ಲಿ ಎಲ್ಲೂ ಸಿಗುವುದಿಲ್ಲ, ಏಕೆಂದರೆ ಅದರ ಒಂದೊಂದು ಹಾಳೆಯನ್ನೂ ಬರೆದವರು ಆ ಅಧಿಕಾರಿಗಿಂತ ಮೇಲಿದ್ದವರೇ.

ಬಡ್ತಿಯ ಪದ್ಧತಿಗಳು ಇಂದಿನ ರೂಪಕ್ಕೆ ಬಂದದ್ದು ಒಂದು ಅನ್ಯಾಯವನ್ನು ಮುಚ್ಚಲು ಹೋಗಿ ಇನ್ನೊಂದಕ್ಕೆ ಬಾಗಿಲು ತೆರೆಯುತ್ತ. ಬ್ರಿಟಿಷ್ ಸೇನೆಯ ಕಾಲಾಳು ಮತ್ತು ಅಶ್ವದಳಗಳಲ್ಲಿ ಲೆಫ್ಟಿನೆಂಟ್ ಕರ್ನಲ್‌ವರೆಗಿನ ಹುದ್ದೆಗಳನ್ನು ಹಣ ಕೊಟ್ಟು ಕೊಳ್ಳಬಹುದಿತ್ತು. 1854ರಲ್ಲಿ, ಕ್ರಿಮಿಯನ್ ಯುದ್ಧದ ಬಾಲಕ್ಲಾವಾ ಕಾಳಗದಲ್ಲಿ, ಲೈಟ್ ಬ್ರಿಗೇಡ್ ಎಂಬ ಅಶ್ವದಳವನ್ನು ಮುನ್ನಡೆಸಿದ ಲಾರ್ಡ್ ಕಾರ್ಡಿಗನ್ ಇದಕ್ಕೆ ತಕ್ಕ ಉದಾಹರಣೆ. ಕೈಕೆಳಗಿನ ಕ್ಯಾಪ್ಟನ್ ಒಬ್ಬನನ್ನು ಕೋರ್ಟ್ ಮಾರ್ಷಲ್‌ಗೆ ಎಳೆದ ಪ್ರಕರಣದಲ್ಲಿ 1834ರಲ್ಲಿ ಒಂದು ರೆಜಿಮೆಂಟಿನ ಕಮಾಂಡ್ ಕಳೆದುಕೊಂಡ ಆತನಿಗೆ ಎರಡೇ ವರ್ಷದಲ್ಲಿ ಇನ್ನೊಂದು ರೆಜಿಮೆಂಟ್ ಸಿಕ್ಕಿತು. ಈ ಖರೀದಿ ಪದ್ಧತಿ ನಿಂತದ್ದು 1871ರಲ್ಲಿ. ಅದೇ ಸೇನೆಯ ಫಿರಂಗಿ ಮತ್ತು ಎಂಜಿನಿಯರ್ ದಳಗಳಲ್ಲಿ ಹಣ ನಡೆಯುತ್ತಿರಲಿಲ್ಲ, ಸೇವಾಹಿರಿತನವೇ ಎಲ್ಲವೂ ಆಗಿತ್ತು. ಅಲ್ಲಿ ಮುಖ ನೋಡಿ ಮಣೆ ಹಾಕುವುದು ತಪ್ಪಿತು, ಆದರೆ ಮೇಲಿನ ಹುದ್ದೆ ಸಿಗುವ ಹೊತ್ತಿಗೆ ಅಧಿಕಾರಿಗೆ ವಯಸ್ಸಾಗಿರುತ್ತಿತ್ತು. ಎರಡು ಮಹಾಯುದ್ಧಗಳ ನಡುವಿನ ಅಮೆರಿಕದ ಸೇನೆಯೂ ಹೀಗೆಯೇ ಹೆಪ್ಪುಗಟ್ಟಿತ್ತು. ಮುಂದೆ ದೇಶದ ಅಧ್ಯಕ್ಷರಾದ ಐಸೆನ್‌ಹೋವರ್ 1920ರಲ್ಲಿ ಮೇಜರ್ ಆದವರು 1936ರವರೆಗೆ, ಅಂದರೆ 16 ವರ್ಷ, ಅದರಿಂದ ಮೇಲೇರಲಿಲ್ಲ. ಜಾರ್ಜ್ ಮಾರ್ಷಲ್ 1939ರ ಸೆಪ್ಟೆಂಬರ್ 1ರಂದು ಸೇನಾ ಮುಖ್ಯಸ್ಥರಾಗಿ, ವಯಸ್ಸಾಗಿ ಶಕ್ತಿ ಕುಂದಿದವರನ್ನು ನಿವೃತ್ತಿಗೊಳಿಸುವ ದಾರಿ ಮಾಡಿಕೊಂಡ ಮೇಲೆ ಪ್ರತಿಭೆ ಮೇಲೇರತೊಡಗಿತು. 1944ರ ಡಿಸೆಂಬರ್ ಹೊತ್ತಿಗೆ ಅದೇ ಐಸೆನ್‌ಹೋವರ್ ಐದು ನಕ್ಷತ್ರದ ಜನರಲ್.

ಹಣವೂ ಬೇಡ, ವಯಸ್ಸೂ ಬೇಡ, ಅರ್ಹತೆಯೇ ಇರಲಿ ಎಂದು ಹೊರಟಾಗ ಹುಟ್ಟಿದ್ದೇ ವಾರ್ಷಿಕ ವರದಿ. ಆಶಯ ಒಳ್ಳೆಯದು. ಅದು ಎಲ್ಲಿ ಸೋರುತ್ತದೆ ಎಂಬುದನ್ನು ಮಾತ್ರ ಬಿಡಿಸಿ ನೋಡಬೇಕು.

ಭಾರತೀಯ ಸೇನೆಯ ಪದ್ಧತಿಯನ್ನೇ ತೆಗೆದುಕೊಳ್ಳಿ. ವರದಿಯನ್ನು ಮೊದಲು ನೇರ ಮೇಲಧಿಕಾರಿ ಬರೆಯುತ್ತಾರೆ, ಅವರ ಮೇಲಿನವರು ಪರಿಶೀಲಿಸುತ್ತಾರೆ, ಅವರಿಗೂ ಮೇಲಿನವರು ಮತ್ತೊಮ್ಮೆ ನೋಡುತ್ತಾರೆ. ಗುಣಗಳಿಗೆ 1ರಿಂದ 9ರವರೆಗೆ ಅಂಕ, ಜೊತೆಗೆ ಮಾತಿನಲ್ಲಿ ಬರೆಯುವ ಪೆನ್ ಪಿಕ್ಚರ್. ಮೂವರು ನೋಡುತ್ತಾರೆ, ನಿಜ. ಆದರೆ ಮೂವರೂ ಒಂದೇ ದಿಕ್ಕಿನಿಂದ ನೋಡುತ್ತಾರೆ, ಮೇಲೆ ಹೋದಷ್ಟೂ ದೂರದಿಂದ ನೋಡುತ್ತಾರೆ. ಮೂರನೆಯವರು ಆ ಮೇಜರ್‌ನನ್ನು ವರ್ಷದಲ್ಲಿ ಕಂಡದ್ದು ಒಂದೆರಡು ತಪಾಸಣೆಗಳಲ್ಲಿ, ಒಂದು ಕವಾಯತಿನಲ್ಲಿ, ಕೆಲವು ಸಭೆಗಳಲ್ಲಿ ಅಷ್ಟೇ ಇರಬಹುದು. ಉಳಿದದ್ದನ್ನು ಅವರು ಮೊದಲಿನವರ ಬರಹದಿಂದಲೇ ತುಂಬಿಕೊಳ್ಳುತ್ತಾರೆ. ಮೂರು ಸಹಿ ಇದ್ದ ಮಾತ್ರಕ್ಕೆ ಮೂರು ಸಾಕ್ಷಿ ಆಗುವುದಿಲ್ಲ.

ಇನ್ನು ಅಂಕ. ಒಂದು ಬ್ರಿಗೇಡಿನ ಕಮಾಂಡರ್ ಪ್ರಾಮಾಣಿಕವಾಗಿ 7 ಕೊಟ್ಟರು ಎಂದುಕೊಳ್ಳಿ. ಪಕ್ಕದ ಬ್ರಿಗೇಡಿನವರು ಅಂಥದ್ದೇ ಅಧಿಕಾರಿಗೆ 9 ಕೊಡುತ್ತಾರೆ. ಮಂಡಳಿಯ ಮುಂದೆ ಇಬ್ಬರ ಕಡತವೂ ಅಕ್ಕಪಕ್ಕ ಬಂದಾಗ ಪ್ರಾಮಾಣಿಕ ಕಮಾಂಡರ್‌ನ ಕೈಕೆಳಗಿದ್ದವನು ಸೋಲುತ್ತಾನೆ. ಒಂದೆರಡು ಸಲ ಹೀಗಾದರೆ ಸಾಕು, ಮುಂದೆ ಎಲ್ಲರೂ 9ರ ಕಡೆಗೇ ವಾಲುತ್ತಾರೆ. 8 ಎಂಬುದು ಬೈಗುಳವಾಗುತ್ತದೆ. ಆಮೇಲೆ ಏನಾಗುತ್ತದೆ ಎಂಬುದಕ್ಕೆ ಲೆಕ್ಕ ಸಾಕು. ಹತ್ತು ವರದಿಗಳಲ್ಲಿ ಒಂದರಲ್ಲಿ ಮಾತ್ರ ಯಾರೋ ಬಿಗಿ ಕೈಯವರು 9ರ ಬದಲು 8 ಬರೆದರೆ ಸರಾಸರಿ 0.1 ಇಳಿಯುತ್ತದೆ. ಎಲ್ಲರೂ 8.5 ಮತ್ತು 9ರ ನಡುವೆ ಒತ್ತೊತ್ತಾಗಿ ನಿಂತಿರುವಾಗ 0.1 ಎಂದರೆ ಹತ್ತಾರು ಸ್ಥಾನ. ನೀವು ಆಗ ಅಳೆಯುತ್ತಿರುವುದು ಅಧಿಕಾರಿಯ ನಾಯಕತ್ವವನ್ನಲ್ಲ, ಅವನಿಗೆ ಎಂಥ ಸ್ವಭಾವದ ಮೇಲಧಿಕಾರಿ ಸಿಕ್ಕಿದ್ದರು ಎಂಬುದನ್ನು.

ಇದಕ್ಕೆ ಅಮೆರಿಕದ ಸೇನೆ ಕಡಿವಾಣ ಹಾಕಿತು. ಹಿರಿಯ ಮೌಲ್ಯಮಾಪಕರು ಮೇಜರ್‌ನಂಥ ಒಂದು ದರ್ಜೆಯಲ್ಲಿ ತಾವು ಅಳೆದವರ ಪೈಕಿ ಅರ್ಧಕ್ಕಿಂತ ಕಡಿಮೆ ಜನರಿಗಷ್ಟೇ ಅತ್ಯುನ್ನತ ಶ್ರೇಣಿ ಕೊಡಬಹುದು. ಅಂಕಗಳ ಉಬ್ಬರ ನಿಲ್ಲಿಸಲು ಇದಕ್ಕಿಂತ ಗಟ್ಟಿಯಾದ ಉಪಾಯವನ್ನು ನಾವು ಕಂಡಿಲ್ಲ. ಆದರೆ ಇದರ ಅಡ್ಡ ಪರಿಣಾಮವನ್ನೂ ಹೇಳಬೇಕು. ಒಬ್ಬರ ಕೈಕೆಳಗೆ ಮೂವರು ಮೇಜರ್‌ಗಳಿದ್ದರೆ ಒಬ್ಬರಿಗಷ್ಟೇ ಮೇಲಿನ ಶ್ರೇಣಿ. ಮೂವರೂ ಅಪ್ಪಟ ಚಿನ್ನವಾಗಿದ್ದರೂ ಇಬ್ಬರು ಕೆಳಗೆ ಬೀಳುತ್ತಾರೆ. ಬೇರೆಡೆ ಮೂವರು ಸಾಧಾರಣದವರ ನಡುವೆ ಇದ್ದವನು ಸಲೀಸಾಗಿ ಮೇಲೆ ಬರುತ್ತಾನೆ. ಅದಕ್ಕಿಂತ ಸೂಕ್ಷ್ಮವಾದ ಇನ್ನೊಂದು ತೊಂದರೆಯೂ ಇದೆ. ಈ ವರ್ಷ ಯಾರ ಹೆಸರು ಮಂಡಳಿಯ ಮುಂದೆ ಹೋಗುತ್ತದೆಯೋ ಅವನಿಗೆ ಶ್ರೇಣಿ ಕೊಟ್ಟು, ಕಿರಿಯನಿಗೆ ‘ನಿನ್ನ ಸರದಿ ಮುಂದೆ ಬರುತ್ತದೆ’ ಎಂದು ಸಮಾಧಾನ ಹೇಳುವ ರೂಢಿ. ಅರ್ಹತೆಗೆಂದು ಮಾಡಿದ ಶ್ರೇಣಿ ಆಗ ಸರದಿ ಚೀಟಿಯಾಗುತ್ತದೆ. ಹಾಗಾಗಿ ಮಿತಿಯ ಜೊತೆಗೆ ಒಂದು ಕೆಲಸ ಮಾಡಿ: ವರದಿ ಬರೆದವರು ಈವರೆಗೆ ಎಷ್ಟು ಜನರಿಗೆ ಯಾವ ಅಂಕ ಕೊಟ್ಟಿದ್ದಾರೆ ಎಂಬ ಅವರ ಪೂರ್ತಿ ಚರಿತ್ರೆಯನ್ನು ವರದಿಯ ಪಕ್ಕದಲ್ಲೇ ಮಂಡಳಿಗೆ ತೋರಿಸಿ. ಯಾವಾಗಲೂ 9 ಕೊಡುವವರ 9ಕ್ಕೂ ವರ್ಷಕ್ಕೊಮ್ಮೆ 9 ಕೊಡುವವರ 9ಕ್ಕೂ ಒಂದೇ ತೂಕ ಇರಕೂಡದು.

ಭಾರತೀಯ ಸೇನೆ 2009ರಿಂದ ಬೇರೊಂದು ದಾರಿ ಹಿಡಿಯಿತು. ಆಯ್ಕೆ ಮಂಡಳಿಯಲ್ಲಿ 100ರಲ್ಲಿ 95 ಅಂಕ ದಾಖಲೆಯಿಂದ ಲೆಕ್ಕ ಹಾಕಿ ಬರುವುದು, ಸದಸ್ಯರ ವಿವೇಚನೆಗೆ 5. ಅಭ್ಯರ್ಥಿಯ ಗುರುತನ್ನೂ ಸದಸ್ಯರಿಂದ ಮರೆಮಾಡಲಾಗುತ್ತದೆ. ಶಿಫಾರಸಿನ ಫೋನ್ ಕರೆಗಳ ಬಾಯಿ ಮುಚ್ಚಿಸಲು ಇದು ಸರಿಯಾದ ಹೆಜ್ಜೆ, ಇದನ್ನು ಸಡಿಲಗೊಳಿಸಬೇಡಿ ಎಂದೇ ನಾವು ಹೇಳುತ್ತೇವೆ. ಆದರೆ ಮಂಡಳಿಯಲ್ಲಿ ಹೆಸರು ಮುಚ್ಚಿದರೂ ವರದಿ ಬರೆಯುವಾಗ ಹೆಸರು ತೆರೆದೇ ಇತ್ತು. ಬಾವಿಯಲ್ಲಿ ಉಪ್ಪಿದ್ದರೆ ಕೊಡ ತೊಳೆದು ಪ್ರಯೋಜನವಿಲ್ಲ.

ಬಾವಿಯ ಉಪ್ಪು ಎಂಥದ್ದು ಎಂಬುದು 2021ರ ಮಾರ್ಚ್ 25ರಂದು ಭಾರತದ ಸುಪ್ರೀಂ ಕೋರ್ಟ್ ಕೊಟ್ಟ ನಿತಿಶಾ ಪ್ರಕರಣದ ತೀರ್ಪಿನಲ್ಲಿ ಕಾಣುತ್ತದೆ. ಮಹಿಳಾ ಅಧಿಕಾರಿಗಳಿಗೆ ಕಾಯಂ ಕಮಿಷನ್, ಅಂದರೆ ನಿವೃತ್ತಿಯವರೆಗಿನ ಸೇವೆ, ಕೊಡಲು ಅವರ ಹಳೆಯ ಗೌಪ್ಯ ವರದಿಗಳನ್ನು ಆಧಾರವಾಗಿ ಇಟ್ಟುಕೊಳ್ಳಲಾಗಿತ್ತು. ಆ ವರದಿಗಳನ್ನು ಬರೆದ ಕಾಲದಲ್ಲಿ ಅವರಿಗೆ ಮುಂದಿನ ದಾರಿಯೇ ಇರಲಿಲ್ಲ, ಹಾಗಾಗಿ ಬರೆದವರು ಅಷ್ಟು ಗಮನ ಕೊಟ್ಟು ಬರೆದಿರಲಿಲ್ಲ. ನಂತರದ ವರ್ಷಗಳ ಸಾಧನೆಗಳು ಲೆಕ್ಕಕ್ಕೇ ಬರಲಿಲ್ಲ. ಇದನ್ನು ವ್ಯವಸ್ಥೆಯೊಳಗೇ ಅಡಗಿರುವ ಪರೋಕ್ಷ ತಾರತಮ್ಯ ಎಂದು ನ್ಯಾಯಾಲಯ ಕರೆಯಿತು. ಮಂಡಳಿಗಳು ಇದರಿಂದ ತೆಗೆದುಕೊಳ್ಳಬೇಕಾದ ಪಾಠ ಲಿಂಗದ ಪ್ರಶ್ನೆಯನ್ನೂ ದಾಟಿ ಹೋಗುತ್ತದೆ. ಒಂದು ವರದಿಯನ್ನು ಯಾವ ಉದ್ದೇಶಕ್ಕೆ ಬರೆಯಲಾಗಿತ್ತೋ ಅದರಾಚೆಗಿನ ಉದ್ದೇಶಕ್ಕೆ ಬಳಸಿದರೆ ಅದು ಸುಳ್ಳು ಹೇಳುತ್ತದೆ. ಎಂಟು ವರ್ಷದ ಹಿಂದೆ ಸ್ಟಾಫ್ ಹುದ್ದೆಯಲ್ಲಿ ಕಡತ ಚೆನ್ನಾಗಿ ನಿಭಾಯಿಸಿದ್ದಕ್ಕೆ ಬಂದ 9, ಆ ವ್ಯಕ್ತಿ ದಣಿದ, ಹೆದರಿದ ಜನರನ್ನು ಹೇಗೆ ನಡೆಸುತ್ತಾನೆ ಎಂಬುದರ ಬಗ್ಗೆ ಏನನ್ನೂ ಹೇಳುವುದಿಲ್ಲ.

ನಮಗೆ ಎಂದೂ ಅರಗದ ಸಂಗತಿ ಇನ್ನೊಂದಿದೆ. 1942ರಲ್ಲಿ ಬ್ರಿಟಿಷ್ ಸೇನೆ, ಅಧಿಕಾರಿ ಹುದ್ದೆಗೆ ಬರೀ ಸಂದರ್ಶನದಿಂದ ಆರಿಸಿದ ಅಭ್ಯರ್ಥಿಗಳು ತರಬೇತಿಯಲ್ಲಿ ವಿಪರೀತ ಸಂಖ್ಯೆಯಲ್ಲಿ ಸೋಲುತ್ತಿದ್ದುದನ್ನು ಕಂಡು, ಮನೋವಿಜ್ಞಾನಿಗಳನ್ನು ಸೇರಿಸಿಕೊಂಡು ಹೊಸ ಆಯ್ಕೆ ಮಂಡಳಿಗಳನ್ನು ಕಟ್ಟಿತು. ಒಂದು ಗುಂಪಿಗೆ ಕೆಲಸ ಕೊಡುವುದು, ನಾಯಕ ಯಾರೆಂದು ಹೇಳದಿರುವುದು, ಯಾರು ಹೇಗೆ ಮುಂದೆ ಬರುತ್ತಾರೆ ಎಂದು ನೋಡುವುದು ಆ ಮಂಡಳಿಗಳ ಮುಖ್ಯ ಉಪಾಯ. ಸೇನೆಗೆ ಹೊಸ ಅಧಿಕಾರಿಗಳನ್ನು ಆರಿಸುವ ಭಾರತದ ಸರ್ವಿಸಸ್ ಸೆಲೆಕ್ಷನ್ ಬೋರ್ಡ್ ಇದೇ ಬೇರಿನಿಂದ ಬಂದದ್ದು. ಐದು ದಿನ ಅಭ್ಯರ್ಥಿಯನ್ನು ಅಲ್ಲೇ ಇರಿಸಿಕೊಂಡು ಮನೋವಿಜ್ಞಾನಿ, ಗುಂಪು ಪರೀಕ್ಷೆಯ ಅಧಿಕಾರಿ, ಸಂದರ್ಶಕ ಮೂವರೂ ಬೇರೆ ಬೇರೆಯಾಗಿ ಅಳೆಯುತ್ತಾರೆ. 60 ಪದಗಳನ್ನು ತಲಾ 15 ಸೆಕೆಂಡು ತೋರಿಸಿ ಮನಸ್ಸಿಗೆ ಬಂದದ್ದನ್ನು ಬರೆಸುತ್ತಾರೆ, 60 ಸನ್ನಿವೇಶಗಳಿಗೆ 30 ನಿಮಿಷದಲ್ಲಿ ಉತ್ತರ ಬರೆಸುತ್ತಾರೆ, ಹಲಗೆ ಹಗ್ಗ ಕೊಟ್ಟು ಅಡೆತಡೆ ದಾಟಿಸುತ್ತಾರೆ. ಕೊನೆಯ ದಿನ ಎಲ್ಲರೂ ಕೂತು ತಮ್ಮ ತಮ್ಮ ಅಳತೆಗಳನ್ನು ಹೋಲಿಸುತ್ತಾರೆ. ಯಾರಿಗಾಗಿ ಇಷ್ಟೆಲ್ಲ? ಇನ್ನೂ ಒಂದು ದಿನವೂ ಸಮವಸ್ತ್ರ ಹಾಕದ, ತಪ್ಪಿದರೆ ಮೊದಲು ಮೂವತ್ತು ಜನರ ಒಂದು ಪ್ಲಟೂನಿಗೆ ಮಾತ್ರ ಹಾನಿ ಮಾಡಬಲ್ಲ ಯುವಕ ಯುವತಿಯರಿಗಾಗಿ. ಅದೇ ವ್ಯಕ್ತಿ ಬೆಟಾಲಿಯನ್, ಬ್ರಿಗೇಡ್, ಡಿವಿಷನ್ ಎಂದು ಏರುವಾಗ ಮಂಡಳಿ ಅವನನ್ನು ಕಣ್ಣಾರೆ ನೋಡುವುದೇ ಇಲ್ಲ. ಒಳಗೆ ಬಿಡುವಾಗ ಐದು ದಿನದ ಪರೀಕ್ಷೆ, ಮೇಲೇರಿಸುವಾಗ ಬರೀ ಕಾಗದ. ಅಪಾಯ ಹೆಚ್ಚಿದಂತೆ ನೋಟ ಕಡಿಮೆಯಾಗುವ ಈ ಕ್ರಮವನ್ನು ಸಮರ್ಥಿಸುವ ಒಂದು ವಾದವನ್ನೂ ನಾವು ಕೇಳಿಲ್ಲ.

2020ರಲ್ಲಿ ಅಮೆರಿಕದ ಸೇನೆ ಬೆಟಾಲಿಯನ್ ಕಮಾಂಡರ್‌ಗಳ ಆಯ್ಕೆಯಲ್ಲಿ ಈ ಕ್ರಮವನ್ನು ತಿರುಗಿಸಿತು. ಅದಕ್ಕೂ ಮುಂಚೆ ಮಂಡಳಿಯ ಸದಸ್ಯರು ಒಂದೊಂದು ಕಡತದ ಮೇಲೆ ಕಳೆಯುತ್ತಿದ್ದದ್ದು ಕೆಲವೇ ನಿಮಿಷ. ಹೊಸ ಪದ್ಧತಿಯಲ್ಲಿ ಅಭ್ಯರ್ಥಿಗಳನ್ನು ಫೋರ್ಟ್ ನಾಕ್ಸ್‌ಗೆ ಕರೆಸಿ ನಾಲ್ಕೈದು ದಿನ ಇರಿಸಿಕೊಂಡರು. ದೈಹಿಕ ಪರೀಕ್ಷೆ, ಬರವಣಿಗೆಯ ಪರೀಕ್ಷೆ, ಆಲೋಚನಾ ಶಕ್ತಿಯ ಪರೀಕ್ಷೆ, ಮನೋವಿಜ್ಞಾನಿಯ ಜೊತೆ ಮಾತುಕತೆ, ಹೊರಾಂಗಣದಲ್ಲಿ ಗುಂಪಿನ ಕೆಲಸ ಇದ್ದವು. ಜೊತೆಗೆ ಸಹೋದ್ಯೋಗಿಗಳಿಂದ, ಕೈಕೆಳಗೆ ಇದ್ದವರಿಂದ ಮೊದಲೇ ಅಭಿಪ್ರಾಯ ತರಿಸಿಕೊಂಡಿದ್ದರು. ಕೊನೆಯ ಸಂದರ್ಶನದಲ್ಲಿ ನಡುವೆ ಪರದೆ. ಅಭ್ಯರ್ಥಿ ಯಾರೆಂದು ಸದಸ್ಯರಿಗೆ ಗೊತ್ತಿಲ್ಲ, ಸದಸ್ಯರು ಯಾರೆಂದು ಅಭ್ಯರ್ಥಿಗೆ ಗೊತ್ತಿಲ್ಲ. ಮೊದಲ ಸುತ್ತಿನಲ್ಲಿ ಆಯ್ಕೆಯಾದವರ ಪೈಕಿ ಸುಮಾರು ಮೂರನೇ ಒಂದು ಭಾಗ ಹಳೆಯ ಪದ್ಧತಿಯಲ್ಲಿ ಆಯ್ಕೆ ಆಗುತ್ತಲೇ ಇರಲಿಲ್ಲ. ಅಂದರೆ ಮೂರು ಬೆಟಾಲಿಯನ್‌ಗಳಲ್ಲಿ ಒಂದಕ್ಕೆ ಬೇರೆಯೇ ಕಮಾಂಡರ್ ಬಂದರು.

ಎಷ್ಟು ಗಟ್ಟಿಯಾಗಿ ಕಟ್ಟಿದರೂ ಇಂಥ ವ್ಯವಸ್ಥೆಗೆ ಕಾವಲು ಬೇಕೇ ಬೇಕು. ಅದೇ ಸೇನೆಯಲ್ಲಿ ಒಬ್ಬ ಅಭ್ಯರ್ಥಿಯ ಪರವಾಗಿ ಮಂಡಳಿಯ ಸದಸ್ಯರ ಮೇಲೆ ಒತ್ತಡ ತಂದ ನಾಲ್ಕು ನಕ್ಷತ್ರದ ಜನರಲ್ ಒಬ್ಬರನ್ನು 2024ರ ಕೊನೆಯಲ್ಲಿ ಹುದ್ದೆಯಿಂದ ತೆಗೆಯಬೇಕಾಯಿತು. ಮಂಡಳಿಯ ಸದಸ್ಯರಿಗೆ ಬಂದ ಪ್ರತಿಯೊಂದು ಕರೆ, ಸಂದೇಶವನ್ನು ದಾಖಲಿಸುವ ಪುಸ್ತಕವೊಂದನ್ನು ಇಟ್ಟು, ಅದನ್ನು ಮಂಡಳಿಯ ನಡಾವಳಿಯ ಭಾಗ ಮಾಡಿ. ಕರೆ ಮಾಡುವವರಿಗೆ ಅದು ಗೊತ್ತಿದ್ದರೆ ಅರ್ಧ ಕರೆಗಳು ಬರುವುದೇ ಇಲ್ಲ.

ಈಗ ನಮ್ಮ ಮುಖ್ಯ ಒತ್ತಾಯಕ್ಕೆ ಬರುತ್ತೇವೆ: ಕೈಕೆಳಗಿನವರನ್ನು ಕೇಳಿ. ಇದು ಹೊಸ ಯೋಚನೆಯಲ್ಲ. ಅಮೆರಿಕದ ಸೇನೆಯ ಕಠಿಣ ತರಬೇತಿ ಕೇಂದ್ರವಾದ ರೇಂಜರ್ ಶಾಲೆಯಲ್ಲಿ ಜೊತೆಗಾರರು ಕೊಡುವ ಶ್ರೇಣಿ ಕೆಳಗಿದ್ದರೆ ಉಳಿದುದರಲ್ಲಿ ಗೆದ್ದವನೂ ಹೊರಗೆ ಹೋಗಬೇಕಾಗಬಹುದು. ಭಾರತೀಯ ನೌಕಾಪಡೆಯೂ ಬಡ್ತಿ ಮಂಡಳಿಗಳಿಗಾಗಿ ಸಹೋದ್ಯೋಗಿ ಮತ್ತು ಕಿರಿಯರ ಅಭಿಪ್ರಾಯ ಸೇರಿಸುವ 360 ಡಿಗ್ರಿ ಮೌಲ್ಯಮಾಪನವನ್ನು ತಂದಿದೆ. ಆದರೆ ಇದನ್ನು ಅರೆಬರೆಯಾಗಿ ಮಾಡಿದರೆ ಮಾಡದಿರುವುದಕ್ಕಿಂತ ಕೆಟ್ಟದ್ದು. ಹೆಸರು ಸೂಚಿಸುವ ಕೆಲಸವನ್ನು ಅಭ್ಯರ್ಥಿಗೇ ಬಿಟ್ಟರೆ ತನಗೆ ಬೇಕಾದವರನ್ನು ಸೂಚಿಸುತ್ತಾನೆ. ಹೆಸರುಗಳನ್ನು ಸಿಬ್ಬಂದಿ ಶಾಖೆಯೇ ಯೂನಿಟ್ಟಿನ ಹಾಜರಿ ಪಟ್ಟಿಯಿಂದ ಚೀಟಿ ಎತ್ತಿದಂತೆ ಆರಿಸಬೇಕು. ಕನಿಷ್ಠ ಹತ್ತು ಜನ ಬೇಕು, ಅವರಲ್ಲಿ ಅಧಿಕಾರಿಗಳೂ ಸುಬೇದಾರ್, ಹವಾಲ್ದಾರ್ ದರ್ಜೆಯವರೂ ಇರಬೇಕು, ಅರ್ಧದಷ್ಟು ಜನ ಅವನ ಹಿಂದಿನ ಪೋಸ್ಟಿಂಗಿನವರಾಗಿರಬೇಕು. ಹಿಂದಿನವರು ಏಕೆಂದರೆ, ಈಗ ಅವನ ಕೈಕೆಳಗೆ ಇರುವವರಿಗೆ ಅವನ ಭಯವಿರುತ್ತದೆ ಅಥವಾ ಅವನಿಂದ ಆಗಬೇಕಾದ ಕೆಲಸವಿರುತ್ತದೆ. ಎರಡು ವರ್ಷ ಕಳೆದ ಮೇಲೆ ಎರಡೂ ಕರಗಿ ನಿಜ ಉಳಿಯುತ್ತದೆ. ಉತ್ತರಿಸಿದವರು ಐದಕ್ಕಿಂತ ಕಡಿಮೆ ಇದ್ದರೆ ಫಲಿತಾಂಶವನ್ನು ತೆರೆಯಲೇಬಾರದು, ತೆರೆದರೆ ಯಾರು ಏನು ಬರೆದರೆಂದು ಊಹಿಸುವುದು ಸುಲಭ.

ಪ್ರಶ್ನೆಗಳನ್ನು ಕೇಳುವ ಬಗೆ ಇನ್ನೂ ಮುಖ್ಯ. ‘ಇವರು ಒಳ್ಳೆಯ ನಾಯಕರೇ?’ ಎಂದು ಕೇಳಿದರೆ ಜನಪ್ರಿಯತೆಯ ಓಟು ಬೀಳುತ್ತದೆ. ನಡೆದುಕೊಂಡ ರೀತಿಯನ್ನು ಕೇಳಿ. ಕೆಟ್ಟ ಸುದ್ದಿ ತಂದವನಿಗೆ ಇವರ ಕೈಯಲ್ಲಿ ಏನಾಯಿತು? ಯೂನಿಟ್ ತಪ್ಪಿದಾಗ ಮೇಲಿನವರ ಮುಂದೆ ಇವರು ಯಾರ ಹೆಸರು ಹೇಳಿದರು? ಕೆಲಸ ಚೆನ್ನಾಗಿ ಆದಾಗ ಯಾರ ಹೆಸರು ಹೇಳಿದರು? ರಜೆ, ವೈದ್ಯಕೀಯ, ಸಂಬಳದ ತಕರಾರು ಇವರ ಮೇಜಿನ ಮೇಲೆ ಎಷ್ಟು ದಿನ ಕೂತಿರುತ್ತಿತ್ತು? ತಮಗಿಂತ ಚೆನ್ನಾಗಿ ತಿಳಿದ ಕಿರಿಯ ಎದುರು ಮಾತಾಡಿದಾಗ ಇವರು ಕೇಳಿಸಿಕೊಂಡರೇ? ಇವರೊಡನೆ ಮತ್ತೆ ಕಾರ್ಯಾಚರಣೆಗೆ ಹೋಗುತ್ತೀರಾ? ಎಲ್ಲಕ್ಕೂ ‘ಯಾವಾಗಲೂ, ಕೆಲವೊಮ್ಮೆ, ಎಂದೂ ಇಲ್ಲ’ ಎಂಬಷ್ಟು ಸರಳ ಉತ್ತರವಿರಲಿ, ಒಂದು ಘಟನೆ ಬರೆಯಲು ಕೆಳಗೆ ನಾಲ್ಕು ಸಾಲು ಜಾಗವಿರಲಿ.

ಕಿರಿಯರು ಅಂಕ ಕೊಡತೊಡಗಿದರೆ ಕಮಾಂಡರ್ ಆಜ್ಞೆ ಕೊಡಲು ಅಂಜುತ್ತಾನೆ, ಶಿಸ್ತು ಹಾಳಾಗುತ್ತದೆ ಎಂಬ ಆಕ್ಷೇಪ ಪ್ರತಿ ಸಲವೂ ಬರುತ್ತದೆ. ಗಂಭೀರವಾದ ಆಕ್ಷೇಪವೇ. ಹಾಗೆಂದೇ ಕೆಳಗಿನವರ ಅಭಿಪ್ರಾಯವನ್ನು ಅಂಕವಾಗಿ ಕೂಡಿಸಬೇಡಿ ಎನ್ನುತ್ತೇವೆ. ಅದನ್ನು ಎಚ್ಚರಿಕೆಯ ಗಂಟೆಯಾಗಿ ಮಾತ್ರ ಬಳಸಿ. ಒಂದು ಪೋಸ್ಟಿಂಗಿನಲ್ಲಿ ಇಬ್ಬರು ಕಟುವಾಗಿ ಬರೆದರೆ ಅದು ಸೇಡಿರಬಹುದು, ಬಿಟ್ಟುಬಿಡಿ. ಒಬ್ಬರಿಗೊಬ್ಬರು ಸಂಬಂಧವಿಲ್ಲದ ಎರಡು ಯೂನಿಟ್‌ಗಳಲ್ಲಿ, ಬೇರೆ ಬೇರೆ ವರ್ಷಗಳಲ್ಲಿ, ಒಂದೇ ಬಗೆಯ ನಡತೆ ಕಾಣಿಸಿಕೊಂಡರೆ ಆ ಕಡತವನ್ನು ಬದಿಗಿಟ್ಟು ವಿಚಾರಿಸಿ, ಅಭ್ಯರ್ಥಿಗೂ ಉತ್ತರಿಸುವ ಅವಕಾಶ ಕೊಡಿ. ಬಿಗಿಯಾದ ಕಮಾಂಡರ್ ಯಾರು, ಸ್ವಾರ್ಥದ ಕಮಾಂಡರ್ ಯಾರು ಎಂಬ ವ್ಯತ್ಯಾಸ ಸೈನಿಕರಿಗೆ ಚೆನ್ನಾಗಿಯೇ ಗೊತ್ತು. ಬೆವರು ಹರಿಸಿ ತರಬೇತಿ ಕೊಟ್ಟವನನ್ನು ಅವರು ಬೈಯುತ್ತಾರೆ, ಅವನ ಜೊತೆಗೇ ಹೋಗುತ್ತೇವೆ ಎಂದೂ ಬರೆಯುತ್ತಾರೆ. ಅದಕ್ಕೇ ಆ ಕೊನೆಯ ಪ್ರಶ್ನೆ.

ಯಾರನ್ನು ಕೇಳಬೇಕು ಎಂಬುದರಷ್ಟೇ ಮುಖ್ಯ, ಯಾವಾಗ ನೋಡಬೇಕು ಎಂಬುದು. ಬೆಟಾಲಿಯನ್ ಕಮಾಂಡಿನ ಅವಧಿ ಹಲವು ಸೇನೆಗಳಲ್ಲಿ ಎರಡು ವರ್ಷದ ಆಸುಪಾಸು. ಎರಡು ವರ್ಷದಲ್ಲಿ ಕಣ್ಣಿಗೆ ಬೀಳುವ ಕೆಲಸಗಳು ಬೇರೆ, ಬೇರು ಬಿಡುವ ಕೆಲಸಗಳು ಬೇರೆ. ಪರೇಡ್ ಮೈದಾನದ ಸುತ್ತ ಹೊಸ ಕಟ್ಟೆ, ಕ್ರೀಡಾ ಕಪ್, ತಪಾಸಣೆಯ ದಿನದ ಹೊಳಪು ವರದಿಗೆ ಸೇರುತ್ತವೆ. ಹವಾಲ್ದಾರ್‌ಗಳನ್ನು ಬೆಳೆಸಿದ್ದು, ವಾಹನಗಳ ಬಿಡಿಭಾಗಗಳ ಲೆಕ್ಕ ನೇರ ಮಾಡಿದ್ದು, ರಾತ್ರಿ ಗುರಿ ಅಭ್ಯಾಸದ ಮಟ್ಟ ಏರಿಸಿದ್ದು ಸೇರುವುದಿಲ್ಲ, ಅವುಗಳ ಫಲ ಉಣ್ಣುವವನು ಮುಂದಿನ ಕಮಾಂಡರ್. ಅದೇ ರೀತಿ, ಓಡದ ವಾಹನವನ್ನು ತಪಾಸಣೆಗಾಗಿ ಬಣ್ಣ ಬಳಿದು ನಿಲ್ಲಿಸಿದವನ ಪಾಪವೂ ಮುಂದಿನವನ ತಲೆಗೇ ಬರುತ್ತದೆ.

ಮೇಲಿನಿಂದ ಬರುವ ಬೇಡಿಕೆಗಳೇ ಕೆಲವೊಮ್ಮೆ ಸುಳ್ಳನ್ನು ಅನಿವಾರ್ಯ ಮಾಡುತ್ತವೆ. ಅಮೆರಿಕದ ಸೇನೆಯಲ್ಲಿ 2002ರಲ್ಲಿ ಲೆಕ್ಕ ಹಾಕಿದಾಗ, ಬೆಟಾಲಿಯನ್ನಿನೊಳಗಿನ ತುಕಡಿಯಾದ ಒಂದು ಕಂಪನಿಯ ಕಮಾಂಡರ್ ವರ್ಷದಲ್ಲಿ ಮಾಡಲೇಬೇಕಾದ ಕಡ್ಡಾಯ ತರಬೇತಿಗೆ 297 ದಿನ ಬೇಕಿತ್ತು, ಕೈಯಲ್ಲಿದ್ದದ್ದು 256 ದಿನ. 297 ದಿನದ ಕೆಲಸ 256 ದಿನದಲ್ಲಿ ಯಾರಿಂದಲೂ ಆಗದು. ಹಾಗಿದ್ದೂ ಪಟ್ಟಿಯಲ್ಲಿ ಎಲ್ಲವೂ ಆಯಿತೆಂದು ಬರೆದವನು ದಕ್ಷ ಎನಿಸಿಕೊಳ್ಳುತ್ತಾನೆ. ‘ಇಷ್ಟು ಆಗಿದೆ, ಇಷ್ಟು ಆಗಿಲ್ಲ, ಇವನ್ನು ಬಿಟ್ಟದ್ದು ನಾನು, ಕಾರಣ ಇದು’ ಎಂದು ಬರೆದವನ ಕಡತದಲ್ಲಿ ಕೆಂಪು ಗುರುತು ಬೀಳುತ್ತದೆ. ಹೀಗೆ ಬಡ್ತಿಯ ಏಣಿಯ ಒಂದೊಂದು ಮೆಟ್ಟಿಲೂ ಜರಡಿಯಾಗಿ, ಅಪ್ರಿಯ ಸತ್ಯ ಹೇಳುವವನನ್ನು ಕೆಳಗೆ ಉದುರಿಸುತ್ತ ಬರುತ್ತದೆ. ನಾಲ್ಕು ಮೆಟ್ಟಿಲು ದಾಟಿ ಬಂದವರಲ್ಲಿ ಅಪ್ರಿಯ ಸತ್ಯ ಹೇಳುವವರು ಏಕಿಲ್ಲ ಎಂದು ಯುದ್ಧ ಬಂದಾಗ ಕೇಳಿ ಫಲವಿಲ್ಲ.

ಆದುದರಿಂದ ಅಧಿಕಾರ ಹಸ್ತಾಂತರವಾದ 60 ದಿನಗಳೊಳಗೆ ಹೊಸ ಕಮಾಂಡರ್ ಬರೆಯುವ ನಿಜಸ್ಥಿತಿ ವರದಿಯನ್ನು ಹಳೆಯವರ ಕಡತಕ್ಕೆ ಸೇರಿಸಿ. ಅದರಲ್ಲಿ ಹೇಳಿದ ಕೊರತೆಗಳಿಗೆ ಹೊಸಬರನ್ನು ಹೊಣೆ ಮಾಡುವುದಿಲ್ಲ ಎಂಬ ಲಿಖಿತ ಭರವಸೆ ಇಲ್ಲದಿದ್ದರೆ ಯಾರೂ ನಿಜ ಬರೆಯಲಾರರು. ಹೊಸಬರು ಕೊರತೆಯನ್ನು ಹಿಗ್ಗಿಸಿ ಬರೆಯುವ ಅಪಾಯವೂ ಇದೆ, ಹಾಗಾಗಿ ಶಸ್ತ್ರಾಗಾರ, ವಾಹನ, ಲೆಕ್ಕಪತ್ರಗಳನ್ನು ಹೊರಗಿನ ತಂಡವೊಂದು ಅದೇ ವಾರದಲ್ಲಿ ಎಣಿಸಲಿ. ಹನ್ನೆರಡು ತಿಂಗಳ ನಂತರ ಇನ್ನೊಮ್ಮೆ ನೋಡಿ: ಹಳೆಯ ಕಮಾಂಡರ್ ತಯಾರು ಮಾಡಿದ ಕ್ಯಾಪ್ಟನ್‌ಗಳು, ಹವಾಲ್ದಾರ್‌ಗಳು ತಮ್ಮ ಕೋರ್ಸುಗಳಲ್ಲಿ ಹೇಗೆ ಮಾಡಿದರು? ಅವರ ಕಾಲದಲ್ಲಿ ವರ್ಗ ಕೇಳಿ ಹೋದವರೆಷ್ಟು, ಸೇವೆ ಮುಂದುವರಿಸಲು ಒಪ್ಪಿದವರೆಷ್ಟು? ಈ ಸಂಖ್ಯೆಗಳನ್ನು ಆ ಯೂನಿಟ್ಟಿನ ಹಿಂದಿನ ವರ್ಷಗಳ ಜೊತೆಗೂ ಅದೇ ಬಗೆಯ ಕೆಲಸದಲ್ಲಿದ್ದ ಬೇರೆ ಯೂನಿಟ್‌ಗಳ ಜೊತೆಗೂ ಹೋಲಿಸಿ. ಗಡಿಯ ಹಿಮದಲ್ಲಿದ್ದ ಯೂನಿಟ್ಟನ್ನು ಶಾಂತ ಠಾಣೆಯ ಯೂನಿಟ್ಟಿನ ಪಕ್ಕ ಇಟ್ಟು ತೂಗಬೇಡಿ.

ಬಾಯಿಮಾತಿನ ಎಚ್ಚರಿಕೆಗಳನ್ನೂ ನಿಲ್ಲಿಸಿ. 1994ರ ಜೂನ್ 24ರಂದು ಅಮೆರಿಕದ ಫೇರ್‌ಚೈಲ್ಡ್ ವಾಯುನೆಲೆಯಲ್ಲಿ ಬಿ-52 ಬಾಂಬರ್ ವಿಮಾನ ಬಿದ್ದು ನಾಲ್ವರು ಸತ್ತರು. ಅದರ ಪೈಲಟ್ ನಿಯಮ ಮೀರಿ ಹಾರಿಸುತ್ತಿದ್ದುದು ಮೂರು ವರ್ಷಗಳಿಂದ ಎಲ್ಲರಿಗೂ ಗೊತ್ತಿತ್ತು. ಕಮಾಂಡರ್‌ಗಳು ಒಬ್ಬರಾದ ಮೇಲೊಬ್ಬರು ಬಾಯಲ್ಲಿ ಎಚ್ಚರಿಸಿ ಸುಮ್ಮನಾದರು, ಕಾಗದದಲ್ಲಿ ಬರೆಯಲಿಲ್ಲ, ಹೊಸದಾಗಿ ಬಂದವರಿಗೆ ಹಿಂದಿನದು ಗೊತ್ತಾಗಲಿಲ್ಲ. ಆ ಹೊತ್ತಿಗೆ ಆತ ನೆಲೆಯ ಬಿ-52 ಪೈಲಟ್‌ಗಳ ಮಟ್ಟ ಅಳೆಯುವ ಹುದ್ದೆಯಲ್ಲಿದ್ದ.

ಬರೆಯಿರಿ ಎಂದೊಡನೆ ಇನ್ನೊಂದು ಕೇಡು ಬಾಗಿಲಲ್ಲಿ ನಿಲ್ಲುತ್ತದೆ: ಒಮ್ಮೆ ಬರೆದದ್ದು ಜನ್ಮಪೂರ್ತಿ ಅಂಟಿಕೊಳ್ಳುವುದು. 1908ರಲ್ಲಿ ಅಮೆರಿಕದ ನೌಕಾಪಡೆಯ ನಿಮಿಟ್ಜ್ ಎಂಬ ತರುಣ ಅಧಿಕಾರಿ ಫಿಲಿಪ್ಪೀನ್ಸ್‌ನಲ್ಲಿ ಡಿಕೇಟರ್ ಎಂಬ ಡಿಸ್ಟ್ರಾಯರ್ ಯುದ್ಧನೌಕೆಯನ್ನು ಕೆಸರಿನ ದಿಬ್ಬಕ್ಕೆ ಏರಿಸಿದರು. ಕೋರ್ಟ್ ಮಾರ್ಷಲ್ ಆಯಿತು, ಕರ್ತವ್ಯಲೋಪ ಸಾಬೀತಾಯಿತು, ಛೀಮಾರಿ ಬಿತ್ತು. ಅದೇ ನಿಮಿಟ್ಜ್ ಎರಡನೇ ಮಹಾಯುದ್ಧದಲ್ಲಿ ಪೆಸಿಫಿಕ್ ನೌಕಾಬಲದ ಮುಖ್ಯಸ್ಥರಾದರು, 1944ರಲ್ಲಿ ಫ್ಲೀಟ್ ಅಡ್ಮಿರಲ್ ಆದರು. 1943ರಲ್ಲಿ ಸಿಸಿಲಿಯಲ್ಲಿ ಅಮೆರಿಕದ ಸೇನೆಯ ಒಂದನೇ ಡಿವಿಷನ್ನಿನ ಕಮಾಂಡಿನಿಂದ ತೆಗೆಯಲ್ಪಟ್ಟ ಜನರಲ್ ಟೆರಿ ಆ್ಯಲನ್‌ಗೆ ಮರುವರ್ಷ 104ನೇ ಡಿವಿಷನ್ನಿನ ಜೊತೆ ಯುರೋಪಿನ ಯುದ್ಧಕ್ಕೆ ಹೋಗುವ ಅವಕಾಶ ಸಿಕ್ಕಿತು. ಇಂದಿನ ಎಷ್ಟು ಮಂಡಳಿಗಳು ಆ ಇಬ್ಬರ ಕಡತವನ್ನು ಮೊದಲ ಸುತ್ತಿನಲ್ಲೇ ಕೆಳಗಿಡುತ್ತಿದ್ದವು ಎಂದು ನೀವೇ ಯೋಚಿಸಿ. ತಪ್ಪುಗಳನ್ನು ಬೇರೆ ಬೇರೆ ರಾಶಿ ಮಾಡಲೇಬೇಕು. ಧೈರ್ಯ ಮಾಡಿ ಪ್ರಯತ್ನಿಸಿ ಎಡವಿ, ತಾನೇ ವರದಿ ಮಾಡಿದ್ದು ಒಂದು ರಾಶಿ. ಅಜಾಗ್ರತೆಯಿಂದ ಅದೇ ತಪ್ಪನ್ನು ಮತ್ತೆ ಮಾಡಿದ್ದು ಇನ್ನೊಂದು. ಮುಚ್ಚಿಟ್ಟದ್ದು ಮೂರನೆಯದು, ಅದಕ್ಕೆ ಕ್ಷಮೆ ಬೇಡ. ಮೊದಲ ರಾಶಿಯ ಒಂದು ತಪ್ಪು ಐದು ವರ್ಷ ಹಳೆಯದಾದರೆ ಅದೊಂದೇ ಕಾರಣಕ್ಕೆ ಬಡ್ತಿ ತಪ್ಪಿಸಬಾರದು ಎಂದು ನಿಯಮದಲ್ಲೇ ಬರೆಯಿರಿ.

ಪದಕದ ವಿಷಯ ಚಿಕ್ಕದು. ಜರ್ಮನ್ ರಾಜ್ಯವಾಗಿದ್ದ ಪ್ರಷ್ಯಾ 1808ರ ಆಗಸ್ಟ್ 6ರ ನಿಯಮದಲ್ಲಿ, ಅಧಿಕಾರಿಯಾಗಲು ಶಾಂತಿಕಾಲದಲ್ಲಿ ಜ್ಞಾನ ಮತ್ತು ಶಿಕ್ಷಣ, ಯುದ್ಧಕಾಲದಲ್ಲಿ ಅಸಾಧಾರಣ ಶೌರ್ಯ ಮತ್ತು ಒಟ್ಟಾರೆ ಪರಿಸ್ಥಿತಿಯನ್ನು ಗ್ರಹಿಸುವ ನೋಟ ಬೇಕು ಎಂದು ಬರೆಯಿತು. ಶೌರ್ಯದ ಪಕ್ಕದಲ್ಲೇ ನೋಟವನ್ನೂ ಇಟ್ಟದ್ದನ್ನು ಗಮನಿಸಿ. 1815ರಲ್ಲಿ ವಾಟರ್ಲೂದಲ್ಲಿ ನೆಪೋಲಿಯನ್ನನ ಸೇನಾನಿ, ‘ನೇ’ ಎಂಬ ಹೆಸರಿನ ಮಾರ್ಷಲ್, ಕಾಲಾಳುಗಳ ಬೆಂಬಲವಿಲ್ಲದೆ ಅಶ್ವದಳವನ್ನು ಮತ್ತೆ ಮತ್ತೆ ನುಗ್ಗಿಸಿದರು. ಅವರ ಧೈರ್ಯವನ್ನು ಯಾರೂ ಪ್ರಶ್ನಿಸಿಲ್ಲ. ಶೌರ್ಯಕ್ಕೆ ಗೌರವ, ಪದಕ, ಭತ್ಯೆ ಎಲ್ಲವೂ ಸಲ್ಲಲಿ. ಮೇಲಿನ ದರ್ಜೆಯ ಕಮಾಂಡ್ ಅದರ ಬಹುಮಾನವಲ್ಲ.

ಕೆಳ ದರ್ಜೆಗಳ ನಾಯಕರ ಬಗ್ಗೆ ಮಂಡಳಿಗಳು ಅಷ್ಟಾಗಿ ಯೋಚಿಸುವುದಿಲ್ಲ. ಹತ್ತು ಜನರ ಆಸುಪಾಸಿನ ಸೆಕ್ಷನ್ ನಡೆಸುವವರ ಬಡ್ತಿಯನ್ನು ಸೇವಾವಧಿ ಅಥವಾ ಅಂಕಗಳ ಲೆಕ್ಕ ತೀರ್ಮಾನಿಸುತ್ತದೆ. ಅಮೆರಿಕದ ಸೇನೆಯಲ್ಲಿ ಸಾರ್ಜೆಂಟ್ ದರ್ಜೆಗೆ ಗರಿಷ್ಠ 800 ಅಂಕದ ಪಟ್ಟಿ ಇತ್ತು: ಗುರಿ, ದೇಹದಾರ್ಢ್ಯ, ಪದಕ, ಶಿಕ್ಷಣ. ಎಲ್ಲವೂ ಎಣಿಸಲು ಬರುವಂಥವು. ಹತ್ತು ಜನರನ್ನು ನಿದ್ದೆಯಿಲ್ಲದೆ 48 ಗಂಟೆ ಮೈದಾನದಲ್ಲಿ ಇರಿಸಿ, ಅರ್ಧ ದಾರಿಯಲ್ಲಿ ಕೆಲಸ ಬದಲಿಸಿ, ಒಬ್ಬನನ್ನು ಗಾಯಾಳು ಎಂದು ಘೋಷಿಸಿ, ಅಭ್ಯರ್ಥಿ ಏನು ಮಾಡುತ್ತಾನೆ ಎಂದು ಇಬ್ಬರು ಹೊರಗಿನ ಹಿರಿಯ ಹವಾಲ್ದಾರ್‌ಗಳು ಬೇರೆ ಬೇರೆಯಾಗಿ ಬರೆದುಕೊಂಡರೆ, ಆ ಎರಡು ಹಾಳೆಗಳು 800 ಅಂಕದ ಪಟ್ಟಿಗಿಂತ ಹೆಚ್ಚು ಹೇಳುತ್ತವೆ. ಖರ್ಚೂ ಹೆಚ್ಚೇನಿಲ್ಲ, ಹೇಗೂ ನಡೆಯುವ ಕವಾಯತಿನಲ್ಲೇ ಇದನ್ನು ಸೇರಿಸಬಹುದು.

ಎಲ್ಲರೂ ಕಮಾಂಡರ್ ಆಗಬೇಕಿಲ್ಲ ಎಂಬುದನ್ನೂ ಒಪ್ಪಿಕೊಳ್ಳಿ. ಯೋಜನೆ, ಸಾಗಾಟ, ಗುಪ್ತಚರ, ಸಂಪರ್ಕ ವ್ಯವಸ್ಥೆಗಳಲ್ಲಿ ಅಸಾಮಾನ್ಯರಾದವರಿಗೆ ಸಂಬಳ ಮತ್ತು ಗೌರವ ಏರಲು ಕಮಾಂಡ್ ಒಂದೇ ದಾರಿಯಾದರೆ, ಅವರು ತಮಗೆ ಒಗ್ಗದ ಕುರ್ಚಿಗೆ ಬಂದು ಕೂರುತ್ತಾರೆ. ಅಲ್ಲಿ ಅವರೂ ನರಳುತ್ತಾರೆ, 800 ಜನರೂ ನರಳುತ್ತಾರೆ. ಅವರಿಗೆ ಸಮಾನ ದರ್ಜೆಯ ಬೇರೆ ಏಣಿಯನ್ನು ಕೊಡಿ.

ಕೊನೆಯದಾಗಿ ನಿಮ್ಮ ಬಗ್ಗೆಯೇ ಒಂದು ಮಾತು, ಗೌರವದಿಂದಲೇ. ಫಿರಂಗಿ ಹಾರಿಸುವವನಿಗೆ ಗುಂಡು ಎಲ್ಲಿ ಬಿತ್ತೆಂದು ಮುಂದಿರುವ ವೀಕ್ಷಕ ಹೇಳುತ್ತಾನೆ, ಅದನ್ನು ಕೇಳಿ ಮುಂದಿನ ಗುಂಡಿನ ಗುರಿ ತಿದ್ದುತ್ತಾರೆ. ಬಡ್ತಿ ಮಂಡಳಿಗೆ ಅಂಥ ವೀಕ್ಷಕನಿಲ್ಲ. ಆಯ್ಕೆ ಮಾಡಿ, ಸಹಿ ಹಾಕಿ, ಸದಸ್ಯರು ಬೇರೆ ಬೇರೆ ಹುದ್ದೆಗಳಿಗೆ ಚದುರಿಹೋಗುತ್ತಾರೆ. ತಾವು ಆರಿಸಿದವರು ಹೇಗೆ ನಡೆಸಿದರು ಎಂಬ ಸುದ್ದಿ ಮಂಡಳಿಗೆ ಮರಳಿ ಬರುವುದಿಲ್ಲ. ಹಾಗಾಗಿ ಈ ಪತ್ರದಲ್ಲಿ ಕೇಳಿದ್ದೆಲ್ಲಕ್ಕೂ ನಿಯಮ ಬದಲಾಗುವವರೆಗೆ ಕಾಯಬೇಕಾಗಬಹುದಾದರೂ, ಒಂದನ್ನು ಮಾತ್ರ ಈ ಸಲವೇ ಮಾಡಬಹುದು. ಮೊದಲ ಕಡತ ತೆರೆಯುವ ಮುನ್ನ, ನಾಲ್ಕು ವರ್ಷದ ಹಿಂದೆ ಇದೇ ಮಂಡಳಿ ಆರಿಸಿದ ಎಲ್ಲರ ಪಟ್ಟಿಯನ್ನು ತರಿಸಿಕೊಳ್ಳಿ. ಒಬ್ಬೊಬ್ಬರ ಹೆಸರಿನ ಎದುರು ಅವರ ಯೂನಿಟ್ಟಿನಲ್ಲಿ ನಡೆದ ಅವಘಡಗಳು, ವಿಚಾರಣೆಗಳು, ವರ್ಗ ಕೇಳಿದವರ ಸಂಖ್ಯೆ, ಹಸ್ತಾಂತರದಲ್ಲಿ ಸಿಕ್ಕ ಕೊರತೆಗಳು ಇರಲಿ. ಅವರಿಗೆ ಅಂದು ಬಿದ್ದಿದ್ದ ಅಂಕವನ್ನು ಪಕ್ಕದ ಕಾಲಂನಲ್ಲಿ ಬರೆಸಿ. ಆ ಎರಡು ಕಾಲಂಗಳನ್ನು ಒಂದು ಇಡೀ ಬೆಳಿಗ್ಗೆ ಎಲ್ಲ ಸದಸ್ಯರೂ ಕೂತು ಓದಿ. ಆಮೇಲೆ ಈ ವರ್ಷದ ಕಡತಗಳನ್ನು ಒಳಗೆ ತರಿಸಿ.

ಇಂತಿ,
ಸೇನಾ ಸಿಬ್ಬಂದಿ ವ್ಯವಸ್ಥೆಯ ಅಧ್ಯಯನದಲ್ಲಿ ತೊಡಗಿರುವವರು